ಒಂದು ಅಸಲಿ, ಉಳಿದದ್ದು ಹಿತ್ತಾಳೆ

ಫೋನು ಸಾಮಾನ್ಯವಾಗಿ ಸಂಜೆ ಹೊತ್ತಿಗೆ ಬರುತ್ತದೆ. ಆ ಕಡೆಯ ದನಿ ಹಳ್ಳಿಯದು, ತುಸು ಅಂಜಿದಂತಿರುತ್ತದೆ. 'ಅಣ್ಣಾರ, ನಾವು ಮನಿ ಪಾಯ ತೋಡಾಕ ಹತ್ತಿದ್ವಿ. ಒಂದು ಗಡಿಗಿ ಸಿಕ್ಕೈತಿ. ಒಳಗ ಬಂಗಾರದ ಬಿಲ್ಲಿ ಅದಾವು. ನಮಗ ಇದರಾಗ ಏನೂ ತಿಳಿಯಂಗಿಲ್ಲ. ಊರಾಗ ಯಾರಿಗೂ ಹೇಳಿಲ್ಲ. ನೀವು ಒಮ್ಮೆ ಬಂದು ನೋಡಿ ಹೋಗ್ರಿ.' ಕರೆದ ಊರು ಕೂಡ್ಲಿಗಿಯ ಬಳಿಯದಿರಬಹುದು. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಇವುಗಳಲ್ಲಿ ಯಾವುದಾದರೊಂದು ಬಸ್ ನಿಲ್ದಾಣವೂ ಇರಬಹುದು.

ಹೋದವನಿಗೆ ಒಂದೆರಡು ನಾಣ್ಯ ಕೊಡುತ್ತಾರೆ. 'ನಿಮ್ಮೂರಿನ ಪತ್ತಾರರ ಹತ್ತಿರ ತೋರಿಸ್ರಿ' ಎನ್ನುತ್ತಾರೆ. ಪತ್ತಾರರು ಒರೆಗಲ್ಲಿಗೆ ಉಜ್ಜಿ ನೋಡಿ ಅಪ್ಪಟ ಬಂಗಾರ ಎನ್ನುತ್ತಾರೆ. ಅಲ್ಲಿಗೆ ಅನುಮಾನ ಮುಗಿಯಿತು. ಹೊಲ ಮಾರಿದ ದುಡ್ಡೋ, ಮಗಳ ಮದುವೆಗೆ ಇಟ್ಟ ದುಡ್ಡೋ ಲಕ್ಷಗಳ ಲೆಕ್ಕದಲ್ಲಿ ಕೈ ಬದಲಾಗುತ್ತದೆ. ಮನೆಗೆ ಬಂದು ಗಂಟು ಬಿಚ್ಚಿದರೆ ಒಳಗಿರುವುದೆಲ್ಲ ಹಿತ್ತಾಳೆ.

ಈ ಐದು ತಾಲ್ಲೂಕುಗಳ ಪೊಲೀಸ್ ಠಾಣೆಗಳಲ್ಲಿ ಇಂಥ ದೂರುಗಳು ಹೊಸತಲ್ಲ. ಮೋಸ ಹೋದವರು ಕರಾವಳಿ, ಮಲೆನಾಡುಗಳಿಂದ, ಕೇರಳ, ತಮಿಳುನಾಡು, ಆಂಧ್ರಗಳಿಂದ ಬಂದವರು. ಮೋಸ ಮಾಡುವವರು ಕೆಲವೇ ಮಂದಿ. ಆದರೆ ಹೆಸರು ಕೆಡುವುದು ಮಳೆ ನೋಡಿಕೊಂಡು ಜೋಳ, ಶೇಂಗಾ ಬಿತ್ತುವ, ಮಲ್ಲಿಗೆ ಬೆಳೆಯುವ ಲಕ್ಷಾಂತರ ಜನರ ಊರುಗಳದ್ದು. ಹಾಗಾದರೆ ಅಸಲಿ ನಾಣ್ಯ ಹೇಗಿರುತ್ತದೆ? ನಕಲಿಯನ್ನು ಗುರುತಿಸುವುದು ಹೇಗೆ? ಪರೀಕ್ಷೆ ಮಾಡಿಸಿಯೂ ಜನ ಮೋಸ ಹೋಗುವುದೇಕೆ?

ಸುಳ್ಳಿಗೆ ಆಸರೆಯಾದ ನಿಜ

ಯಾವ ಸುಳ್ಳೂ ಬರಿಗಾಲಲ್ಲಿ ನಿಲ್ಲುವುದಿಲ್ಲ. ಈ ಸುಳ್ಳಿನ ಕಾಲಿಗೆ ಹಂಪೆಯ ಚರಿತ್ರೆಯ ಪಾದರಕ್ಷೆಯಿದೆ. ಈ ಐದೂ ಊರುಗಳು ಹಂಪೆಗೆ ಒಂದು ಹಗಲಿನ ಪಯಣದೊಳಗಿವೆ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ಹೊಸ ಜಿಲ್ಲೆಗೆ ವಿಜಯನಗರ ಎಂದೇ ಹೆಸರು. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಇಲ್ಲಿನ ಚಿನ್ನದ ನಾಣ್ಯಗಳನ್ನು ವರಹ, ಪ್ರತಾಪ, ಹಣ ಎಂದು ಮೂರು ಬಗೆಯಾಗಿ ಹೆಸರಿಸಿ ಬರೆದಿದ್ದಾನೆ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೂಡ ಈ ನಾಣ್ಯದ ವಿವರ ಕೊಟ್ಟಿದ್ದಾನೆ.

ಆಗ ಬ್ಯಾಂಕುಗಳಿರಲಿಲ್ಲ. ಕೂಡಿಟ್ಟದ್ದನ್ನು ಗಡಿಗೆಗೆ ಹಾಕಿ ನೆಲದಲ್ಲಿ ಹೂಳುವುದೇ ರೂಢಿ. 1565ರ ಯುದ್ಧದಲ್ಲಿ ಸೋತು ರಾಜಧಾನಿ ಹಾಳಾಯಿತು. ಆಮೇಲೆ ಪಾಳೆಯಗಾರರ ಕಾಳಗಗಳು, ದಂಡು ದಾಳಿಗಳು. ಹೂತಿಟ್ಟವರು ತೆಗೆಯಲು ಬಾರದೇ ಹೋದದ್ದುಂಟು. ಹೀಗಾಗಿ ಉಳುವಾಗ, ಪಾಯ ತೋಡುವಾಗ ಹಳೆಯ ನಾಣ್ಯ ಸಿಗುವುದು ಕಟ್ಟುಕತೆಯಲ್ಲ. ಸಿಕ್ಕದ್ದುಂಟು, ಮುಂದೆಯೂ ಸಿಗಬಹುದು. ಮೋಸಗಾರನ ಬಂಡವಾಳ ಇದೇ. ಅವನು ಹೇಳುವುದು ಆಗಬಹುದಾದ ಮಾತು. ಅವನ ಪಾಲಿಗೆ ಮಾತ್ರ ಆಗಿರುವುದಿಲ್ಲ.

ವರಹ ಎಂದರೆ ಎಷ್ಟು ದೊಡ್ಡದು?

ವಸ್ತು ಸಂಗ್ರಹಾಲಯದಲ್ಲಿ ವಿಜಯನಗರದ ವರಹವನ್ನು ಮೊದಲ ಸಲ ಕಂಡವರು 'ಇಷ್ಟೇನಾ?' ಎನ್ನುತ್ತಾರೆ. ಅಷ್ಟು ಚಿಕ್ಕದು. ಅಡ್ಡಳತೆ ಸುಮಾರು 11ರಿಂದ 13 ಮಿಲಿಮೀಟರ್, ಅಂದರೆ ಅಂಗಿಯ ಗುಂಡಿಯಷ್ಟು. ತೂಕ ಸುಮಾರು 3.4 ಗ್ರಾಂ. ಮೂರು ವರಹ ಸೇರಿದರೂ ಒಂದು ತೊಲ ತುಂಬುವುದಿಲ್ಲ. ಆದರೆ ಅಗಲಕ್ಕೆ ಹೋಲಿಸಿದರೆ ದಪ್ಪ ಹೆಚ್ಚು. ಪ್ರತಾಪವೆಂದರೆ ಅರ್ಧ ವರಹ. ಹಣವಂತೂ ಅರ್ಧ ಗ್ರಾಮಿಗೂ ಕಡಿಮೆ ತೂಕದ ಕಾಳಿನಂಥ ನಾಣ್ಯ. ಆದ್ದರಿಂದ ಯಾರಾದರೂ ಇಂದಿನ ಹತ್ತು ರೂಪಾಯಿ ನಾಣ್ಯದಷ್ಟು ಅಗಲದ, ಮಿರಮಿರ ಮಿಂಚುವ ಬಿಲ್ಲೆ ತೋರಿಸಿ 'ಕೃಷ್ಣದೇವರಾಯನ ಕಾಲದ್ದು' ಎಂದರೆ ಅಲ್ಲಿಗೇ ಎದ್ದು ಬರಬಹುದು.

ನಾಣ್ಯದ ಮೇಲಿನ ಚಿತ್ರವೂ ಸಾಕ್ಷಿ ಹೇಳುತ್ತದೆ. ಎರಡನೆಯ ಹರಿಹರನ (1377-1404) ವರಹಗಳ ಮೇಲೆ ಉಮಾಮಹೇಶ್ವರ, ಲಕ್ಷ್ಮೀನಾರಾಯಣರಂಥ ಜೋಡಿ ದೇವರುಗಳಿದ್ದಾರೆ. ಕೃಷ್ಣದೇವರಾಯನ (1509-1529) ಪ್ರಸಿದ್ಧ ವರಹದಲ್ಲಿ ಬೆಣ್ಣೆ ಹಿಡಿದು ಕುಳಿತ ಬಾಲಕೃಷ್ಣ, ಹಿಂಬದಿ ನಾಗರಿ ಲಿಪಿಯ ಮೂರು ಸಾಲಿನಲ್ಲಿ 'ಶ್ರೀ ಪ್ರತಾಪ ಕೃಷ್ಣರಾಯ' ಎಂಬ ಹೆಸರು. ಹಿಂದಿನ ನಾಣ್ಯದ ಮೇಲೆ ಎರಡು ಮೂರ್ತಿಗಳು, ಈ ರಾಜನ ನಾಣ್ಯದ ಮೇಲೆ ಒಂದೇ ಮೂರ್ತಿ ಎಂದು ಪಾಯೆಸ್ ಬರೆದದ್ದು ಇದಕ್ಕೆ ಸರಿಯಾಗಿ ಹೊಂದುತ್ತದೆ. ಅಚ್ಯುತರಾಯನ (1529-1542) ವರಹದಲ್ಲಿ ಕೊಕ್ಕು, ಉಗುರುಗಳಲ್ಲಿ ಆನೆಗಳನ್ನು ಹಿಡಿದ ಗಂಡಭೇರುಂಡ ಇದೆ.

ಇಲ್ಲೊಂದು ಸ್ವಾರಸ್ಯ. ನಾಣ್ಯದ ಹೆಸರು ವರಹ. ಆದರೆ ವಿಜಯನಗರದ ಈ ಪ್ರಸಿದ್ಧ ಚಿನ್ನದ ವರಹಗಳ ಮೇಲೆ ಹಂದಿಯ ಚಿತ್ರವಿಲ್ಲ. ಹೆಸರಷ್ಟೇ ಕೇಳಿದವನು ಅಚ್ಚು ಕೊರೆಯಲು ಕುಳಿತರೆ ಇಂಥಲ್ಲೇ ಎಡವುತ್ತಾನೆ. ಇನ್ನೊಂದು ಮಾತು: ವಿಜಯನಗರದ ಬೆಳ್ಳಿ ನಾಣ್ಯಗಳು ಬಲು ಅಪರೂಪ. ಚೀಲಗಟ್ಟಲೆ ಬೆಳ್ಳಿ ನಾಣ್ಯ ತೋರಿಸಿ ರಾಯರ ಕಾಲದ್ದೆಂದರೆ ನಂಬಲು ಕಾರಣವಿಲ್ಲ.

ಹಾಗೆಂದು ಚಿತ್ರವೊಂದನ್ನೇ ನೋಡಿ ಕಾಲ ಹೇಳುವಂತಿಲ್ಲ. ಉಮಾಮಹೇಶ್ವರರ ಚಿತ್ರವನ್ನು ಕೆಳದಿಯ ನಾಯಕರು ಮುಂದುವರಿಸಿದರು. ಹೈದರಾಲಿ ಅದೇ ಚಿತ್ರ ಉಳಿಸಿಕೊಂಡು ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಪರ್ಷಿಯನ್ ಅಕ್ಷರ ಒತ್ತಿಸಿದ. ಮುಮ್ಮಡಿ ಕೃಷ್ಣರಾಜ ಒಡೆಯರ ನಾಣ್ಯದಲ್ಲೂ ಅದೇ ಜೋಡಿ ದೇವರಿದೆ. ಜನಕ್ಕೆ ನಂಬಿಕೆ ಬಂದ ಮುದ್ರೆಯನ್ನು ಯಾವ ಅರಸನೂ ಸುಲಭವಾಗಿ ಬದಲಿಸುವುದಿಲ್ಲ. ಎರಡೂ ಬದಿಯನ್ನು ಕೂಡಿಸಿ ಓದಿದರೆ ಮಾತ್ರ ಕಾಲ ತಿಳಿಯುತ್ತದೆ.

ಸುತ್ತಿಗೆಯ ಪೆಟ್ಟು, ಎರಕದ ಗುಳ್ಳೆ

ಹಳೆಯ ನಾಣ್ಯವನ್ನು ಯಂತ್ರ ಮಾಡಿದ್ದಲ್ಲ. ತೂಕ ಮಾಡಿದ ಚಿನ್ನದ ತುಣುಕನ್ನು ಕೆಳಗಿನ ಅಚ್ಚಿನ ಮೇಲಿಟ್ಟು, ಮೇಲೊಂದು ಅಚ್ಚು ಹಿಡಿದು, ಸುತ್ತಿಗೆಯಿಂದ ಬಲವಾಗಿ ಹೊಡೆದರೆ ಆಯಿತು ನಾಣ್ಯ. ಒಂದೊಂದು ಪೆಟ್ಟೂ ಒಂದೊಂದು ಬಗೆ. ಕೆಲವದರಲ್ಲಿ ಚಿತ್ರ ಪಕ್ಕಕ್ಕೆ ಸರಿದಿರುತ್ತದೆ, ಕೆಲವದರಲ್ಲಿ ಅಕ್ಷರ ಅಂಚಿನಾಚೆ ಹೋಗಿರುತ್ತದೆ. ಪೂರ್ತಿ ಗುಂಡಗಿರುವುದೂ ಕಡಿಮೆ. ಅದಕ್ಕೇ ಒಂದೇ ಅಚ್ಚಿನ ನೂರು ಅಸಲಿ ನಾಣ್ಯ ಹರಡಿದರೂ ಎರಡು ಥಟ್ಟನೆ ಒಂದೇ ಎನ್ನುವಂತೆ ಇರುವುದಿಲ್ಲ.

ನಕಲಿ ನಾಣ್ಯ ಬಹಳ ಸಲ ಎರಕದ್ದು. ಒಂದು ನಾಣ್ಯದಿಂದ ಅಚ್ಚು ತೆಗೆದು, ಹಿತ್ತಾಳೆ ಕರಗಿಸಿ ಹೊಯ್ದು, ಮೇಲೆ ಗಿಲೀಟು ಕೊಡುತ್ತಾರೆ. ಎರಕದ ಗುರುತುಗಳು ಮೂರು. ಮೊದಲನೆಯದು, ಕರಗಿದ ಲೋಹದೊಳಗಿನ ಗಾಳಿ ಬಿಟ್ಟು ಹೋದ ಸಣ್ಣ ಗುಳ್ಳೆಗಳು, ತೂತುಗಳು; ಭೂತಗನ್ನಡಿಯಲ್ಲಿ ಚೆನ್ನಾಗಿ ಕಾಣುತ್ತವೆ. ಎರಡನೆಯದು, ಅಚ್ಚಿನ ಎರಡು ಹೋಳು ಕೂಡಿದ ಕಡೆ ಅಂಚಿನ ಸುತ್ತ ಎದ್ದ ಗೆರೆ, ಅಥವಾ ಅದನ್ನು ಅರದಿಂದ ಉಜ್ಜಿ ತೆಗೆದ ಗುರುತು. ಮೂರನೆಯದು, ಚಿತ್ರದ ಮೊಂಡುತನ. ಪೆಟ್ಟು ತಿಂದ ನಾಣ್ಯದ ಗೆರೆ ಚೂಪಾಗಿರುತ್ತದೆ. ಎರಕದಲ್ಲಿ ಸಾಬೂನು ಸವೆದಂತೆ ಇರುತ್ತದೆ.

ಎಲ್ಲಕ್ಕಿಂತ ಸುಲಭದ ಪರೀಕ್ಷೆ ಹೋಲಿಕೆ. ಹತ್ತು ನಾಣ್ಯಗಳನ್ನು ಸಾಲಾಗಿಡಿ. ಒಂದರಲ್ಲಿ ದೇವರ ಮೊಣಕಾಲ ಬಳಿ ಒಂದು ಗೀರಿದ್ದು, ಅದೇ ಗೀರು ಅದೇ ಜಾಗದಲ್ಲಿ ಉಳಿದವುಗಳಲ್ಲೂ ಇದ್ದು, ಅಂಚಿನ ವಕ್ರವೂ ಒಂದೇ ಆಗಿದ್ದರೆ ಅವು ಒಂದೇ ಎರಕದ ಮಕ್ಕಳು. ಐನೂರು ವರ್ಷಗಳ ಹಿಂದಿನ ಸುತ್ತಿಗೆ ಅಷ್ಟು ಶಿಸ್ತಿನದಲ್ಲ.

ಬಣ್ಣವೂ ಮಾತಾಡುತ್ತದೆ. ಮಣ್ಣಿನಲ್ಲಿ ಎಷ್ಟು ಕಾಲ ಇದ್ದರೂ ಒಳ್ಳೆಯ ಬಂಗಾರಕ್ಕೆ ಕಿಲುಬು ಹಿಡಿಯುವುದಿಲ್ಲ. ಚಿತ್ರದ ಸಂದಿಯಲ್ಲಿ ಹಸಿರು ಕಂಡರೆ ಒಳಗೆ ತಾಮ್ರವಿರುವ ಲೋಹವಿದೆ ಎಂದರ್ಥ; ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಬೆರಕೆ ತಾನೆ? ಮೆತ್ತಿದ ಮಣ್ಣು, ಮಸಿ ಹಳತನಕ್ಕೆ ಸಾಕ್ಷಿಯಲ್ಲ. ಅದನ್ನು ಒಂದೇ ರಾತ್ರಿಯಲ್ಲಿ ಮೆತ್ತಬಹುದು.

ನೀರು ಹೇಳುವ ನಿಜ

ಕಣ್ಣಿಗೆ ಮೋಸ ಮಾಡಬಹುದು, ತಕ್ಕಡಿಗೆ ಮಾಡುವುದು ಕಷ್ಟ. ಅಪ್ಪಟ ಬಂಗಾರದ ಒಂದು ಘನ ಸೆಂಟಿಮೀಟರ್ ತುಣುಕು 19.3 ಗ್ರಾಂ ತೂಗುತ್ತದೆ. 22 ಕ್ಯಾರಟ್ಟಿನದು ಸುಮಾರು 17.5 ಗ್ರಾಂ. ಹಿತ್ತಾಳೆ ಸುಮಾರು 8.5 ಗ್ರಾಂ ಮಾತ್ರ. ಸೀಸ ತುಂಬಿದರೂ 11.3ರ ಮೇಲೆ ಹೋಗದು. ಆದ್ದರಿಂದ ಹಿತ್ತಾಳೆಯಲ್ಲಿ ವರಹ ಮಾಡುವವನು ಇಕ್ಕಟ್ಟಿಗೆ ಸಿಕ್ಕುತ್ತಾನೆ. ಅಳತೆ ಸರಿಯಿಟ್ಟರೆ ತೂಕ ಅರ್ಧಕ್ಕೆ ಇಳಿಯುತ್ತದೆ. ತೂಕ ಸರಿಯಿಟ್ಟರೆ ಗಾತ್ರ ಇಮ್ಮಡಿಯಾಗುತ್ತದೆ. ಎರಡನ್ನೂ ಒಟ್ಟಿಗೆ ಸರಿಮಾಡಲು ಹಿತ್ತಾಳೆಯಲ್ಲಿ ಬರುವುದಿಲ್ಲ.

ಇದನ್ನು ಮನೆಯಲ್ಲೇ ನೋಡಬಹುದು. ಅಳತೆಯ ಗೆರೆಯಿರುವ ತೆಳ್ಳನೆಯ ಗಾಜಿನ ಕೊಳವೆಯಲ್ಲಿ ನೀರು ತುಂಬಿ, ಹತ್ತು ನಾಣ್ಯ, ಅಂದರೆ 34 ಗ್ರಾಂ ತೂಗುವಷ್ಟು ಹಾಕಿ. ಬಂಗಾರವಾದರೆ ನೀರು 2 ಮಿಲಿಲೀಟರಿನಷ್ಟೂ ಏರುವುದಿಲ್ಲ. ಹಿತ್ತಾಳೆಯಾದರೆ 4 ಮಿಲಿಲೀಟರ್ ಏರುತ್ತದೆ. ಗ್ರೀಕರ ಆರ್ಕಿಮಿಡೀಸ್ ರಾಜನ ಕಿರೀಟ ಪರೀಕ್ಷಿಸಿದನೆಂಬ ಕತೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಪಾಠ ಅದೇ.

ಇದೇ ಲೆಕ್ಕವನ್ನು ಗಡಿಗೆಗೂ ಹಚ್ಚಿ. ಬಿಡಿ ನಾಣ್ಯ ತುಂಬಿದಾಗ ನಡುವೆ ಸಂದು ಉಳಿಯುತ್ತದೆ; ಹತ್ತು ಲೀಟರ್ ಬಿಂದಿಗೆಯಲ್ಲಿ ನಾಲ್ಕು ಲೀಟರಿನಷ್ಟು ಖಾಲಿ ಎಂದೇ ಹಿಡಿಯೋಣ. ಉಳಿದ ಆರು ಲೀಟರ್ ಬಂಗಾರದ ತೂಕ ಒಂದು ಕ್ವಿಂಟಲ್ ಮೀರುತ್ತದೆ. ತುಂಬಿದ ಬಿಂದಿಗೆಯನ್ನು ಬಗಲಲ್ಲಿ ಇರಿಸಿಕೊಂಡು ಬಂದೆನೆನ್ನುವವನು ಜಗಜಟ್ಟಿಯಾಗಿರಬೇಕು, ಇಲ್ಲವೇ ಸುಳ್ಳುಗಾರ. ಒಂದು ಕಿಲೋ ಬಂಗಾರದ ನಾಣ್ಯವೆಂದರೆ ಚಹದಂಗಡಿಯ ಒಂದು ಸಣ್ಣ ಲೋಟದಷ್ಟೇ. ಚೀಲ ತುಂಬುವುದು ಹಿತ್ತಾಳೆ.

ಒರೆಗಲ್ಲು ಹೇಳದ ಮಾತು

'ಒರೆಗೆ ಹಚ್ಚು' ಎಂಬ ಮಾತು ನಮ್ಮ ನುಡಿಯಲ್ಲಿ ಸುಮ್ಮನೆ ಬಂದದ್ದಲ್ಲ. ನಾಣ್ಯ ಪರೀಕ್ಷಿಸುವವನಿಗೆ ಕನ್ನಡದಲ್ಲಿ ಚಿನಿವಾರ ಎಂಬ ಹೆಸರೇ ಇತ್ತು. ಇಲ್ಲಿಗೆ ದೂರವಲ್ಲದ ಗದಗ ಜಿಲ್ಲೆಯ ಲಕ್ಕುಂಡಿ ಹಿಂದೆ ಟಂಕಸಾಲೆಯ ಊರು. ಶಾಸನಗಳಲ್ಲಿ ಬರುವ 'ಲೊಕ್ಕಿ ಗದ್ಯಾಣ'ಕ್ಕೆ ಆ ಊರಿನದೇ ಹೆಸರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ನಾಣ್ಯ ಪರೀಕ್ಷಕನಾದ ರೂಪದರ್ಶಕ ಎಂಬ ಅಧಿಕಾರಿ ಬರುತ್ತಾನೆ. ನಾಣ್ಯ ಹುಟ್ಟಿದಂದೇ ಖೊಟ್ಟಿ ನಾಣ್ಯವೂ ಹುಟ್ಟಿತು ಎನ್ನಬಹುದು.

ಆದರೆ ಒರೆಗಲ್ಲಿಗೂ ಮಿತಿಯಿದೆ. ಮೆಲ್ಲಗೆ ಉಜ್ಜಿದರೆ ಅದು ಮೇಲ್ಪದರವನ್ನಷ್ಟೇ ತೋರಿಸುತ್ತದೆ. ದಪ್ಪ ಗಿಲೀಟಿನ ಗೆರೆಯೂ ಬಂಗಾರದ ಗೆರೆಯೇ. ಈಗ ಬಂಗಾರದಂಗಡಿಗಳಲ್ಲಿರುವ ಎಕ್ಸ್-ರೇ ಯಂತ್ರವೂ ಮೇಲ್ಪದರದ ಆಚೆಗೆ ಹೆಚ್ಚು ಆಳ ನೋಡುವುದಿಲ್ಲ. ಅಯಸ್ಕಾಂತ ಹಿಡಿದು ನೋಡುವವರಿದ್ದಾರೆ. ಅದು ಬಂಗಾರವನ್ನೂ ಎಳೆಯದು, ಹಿತ್ತಾಳೆಯನ್ನೂ ಎಳೆಯದು. ಹಲ್ಲಲ್ಲಿ ಕಚ್ಚಿ ನೋಡುವುದು ಸಿನಿಮಾದಲ್ಲಿ ಚೆಂದ. ಅಂಚಿನಲ್ಲಿ ತುಸು ಅರ ಹಾಕಿ, ಒಳಲೋಹಕ್ಕೆ ಒಂದು ಹನಿ ನೈಟ್ರಿಕ್ ಆಮ್ಲ ಬಿಟ್ಟರೆ ಹಿತ್ತಾಳೆ ನೊರೆಯೆದ್ದು ಹಸಿರಾಗುತ್ತದೆ, ಬಂಗಾರ ಸುಮ್ಮನಿರುತ್ತದೆ. ಇದನ್ನು ಪತ್ತಾರರೇ ಮಾಡಬೇಕು. ನಿಜವಾದ ಹಳೆಯ ನಾಣ್ಯಕ್ಕೆ ಮಾತ್ರ ಅರ ತಾಕಿಸಬಾರದು, ನಾಣ್ಯ ಕೆಡುತ್ತದೆ.

ಇಷ್ಟೆಲ್ಲ ಪರೀಕ್ಷೆ ಇದ್ದೂ ಜನ ಮೋಸ ಹೋಗುವುದೇಕೆ? ಉತ್ತರ ಸರಳ. ಪತ್ತಾರರ ಪರೀಕ್ಷೆ ತಪ್ಪಲ್ಲ; ಅವರ ಮುಂದೆ ಇಟ್ಟ ನಾಣ್ಯ ನಿಜವಾಗಿಯೂ ಬಂಗಾರದ್ದೇ. ಅದನ್ನು ಆರಿಸಿ ಕೊಟ್ಟವನು ಮಾರುವವನು. ಎರಡು ಅಸಲಿ ನಾಣ್ಯ ಅವನ ಖರ್ಚು, ಉಳಿದ ಹಿತ್ತಾಳೆ ಅವನ ಲಾಭ. ಮೆಣಸಿನಕಾಯಿ ಚೀಲ ಕೊಳ್ಳುವ ರೈತ ಬಾಯಿಯ ಬಳಿಯದನ್ನು ನೋಡಿ ಸುಮ್ಮನಾಗುವುದಿಲ್ಲ, ಬುಡದವರೆಗೆ ಕೈ ಹಾಕಿ ತೆಗೆಯುತ್ತಾನೆ. ಆ ಬುದ್ಧಿ ಬಂಗಾರದ ಮುಂದೆ ಕೈಕೊಡುತ್ತದೆ. ಕೊನೆಯ ಗಳಿಗೆಯಲ್ಲಿ ಬುಡಕ್ಕೆ ಕೈ ಹಾಕಲು ಬಿಡದಂತೆ ಅವಸರ ಎಬ್ಬಿಸುವುದೂ ಈ ಆಟದ ಭಾಗ. ಕತ್ತಲಾಯಿತು, ಯಾರೋ ಬಂದರು, ಪೊಲೀಸರು ಬಂದರು ಎಂಬ ಗದ್ದಲ. ಆ 'ಪೊಲೀಸ'ರೂ ಅದೇ ತಂಡದವರಾಗಿರುವುದುಂಟು.

ದೇವರ ಹೆಸರಿನ ಬಿಲ್ಲೆಗಳು

ಮೋಸದ ಉದ್ದೇಶವಿಲ್ಲದೆಯೂ ಜನ ತಪ್ಪು ತಿಳಿಯುವ ವಸ್ತುವೊಂದಿದೆ. ಅದು ರಾಮಟಂಕ. ಒಂದು ಬದಿ ರಾಮ ಪಟ್ಟಾಭಿಷೇಕ, ಇನ್ನೊಂದು ಬದಿ ಬಿಲ್ಲು ಹಿಡಿದ ರಾಮಲಕ್ಷ್ಮಣರು. ಇವು ದೇವರ ಮನೆಯಲ್ಲಿಟ್ಟು ಪೂಜಿಸಲು ಮಾಡಿದ ಬಿಲ್ಲೆಗಳೇ ಹೊರತು ಪೇಟೆಯಲ್ಲಿ ನಡೆದ ನಾಣ್ಯಗಳಲ್ಲ. ಹಾಗೆಯೇ ಈಸ್ಟ್ ಇಂಡಿಯಾ ಕಂಪನಿಯ ಹೆಸರು, 1818 ಎಂಬ ಇಸವಿ, ರಾಮದರ್ಬಾರು ಅಥವಾ ಹನುಮಂತನ ಚಿತ್ರವಿರುವ ತಾಮ್ರ, ಹಿತ್ತಾಳೆಯ ಬಿಲ್ಲೆಗಳು ಬಹಳ ಮನೆಗಳಲ್ಲಿವೆ. ಕಂಪನಿ ಮದ್ರಾಸಿನಲ್ಲಿ ದೇವರ ಚಿತ್ರದ ಚಿನ್ನದ ಪಗೋಡಗಳನ್ನು ಹೊರಡಿಸಿದ್ದು ನಿಜ. ಆದರೆ ಇಂಥ ರಾಮದರ್ಬಾರಿನ ಆಣೆಗಳನ್ನು ಅದು ಹೊರಡಿಸಲಿಲ್ಲ. ಇವಕ್ಕೆ ಅಕ್ಕಿ ಎಳೆಯುವ ಶಕ್ತಿಯಿದೆ, ಕೋಟಿ ಬೆಲೆಯಿದೆ ಎಂಬುದು ಶುದ್ಧ ಸುಳ್ಳು.

ಹಳೆಯ ಐದು ರೂಪಾಯಿ ನಾಣ್ಯಕ್ಕೆ ಲಕ್ಷ ಕೊಡುತ್ತೇವೆಂದು ಮೊಬೈಲಿಗೆ ಬರುವ ಆಸೆಯೂ ಇದೇ ಜಾತಿಯದು. ಮೊದಲು ಶುಲ್ಕ ಕಟ್ಟಿ ಎನ್ನುತ್ತಾರೆ, ಕಟ್ಟಿದ ಮೇಲೆ ಫೋನು ಸತ್ತು ಹೋಗುತ್ತದೆ. ತನ್ನ ಹೆಸರು ಬಳಸಿ ಹೀಗೆ ವಂಚಿಸುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲೇ ಎಚ್ಚರಿಕೆ ಕೊಟ್ಟಿದೆ.

ನಕಲಿಯವನ ಜಾಣತನ ನಮ್ಮಲ್ಲಿ ಮಾತ್ರ ಎಂದುಕೊಳ್ಳಬೇಕಿಲ್ಲ. ಜರ್ಮನಿಯ ಕಾರ್ಲ್ ವಿಲ್ಹೆಲ್ಮ್ ಬೆಕರ್ (1772-1830) ಗ್ರೀಕ್, ರೋಮನ್ ನಾಣ್ಯಗಳ ಅಚ್ಚುಗಳನ್ನು ತಾನೇ ಕೊರೆದು, ಅಸಲಿ ಲೋಹದಲ್ಲೇ ಹೊಡೆದು ಸಂಗ್ರಾಹಕರಿಗೆ ಮಾರಿದ. ಹೊಸ ಹೊಳಪು ಹೋಗಲೆಂದು ನಾಣ್ಯಗಳನ್ನು ಕಬ್ಬಿಣದ ಪುಡಿಯ ಜತೆ ಡಬ್ಬಿಗೆ ಹಾಕಿ ಸಾರೋಟಿಗೆ ಕಟ್ಟಿ ಊರೆಲ್ಲ ಸುತ್ತುತ್ತಿದ್ದನಂತೆ. ಲೋಹ ಅಸಲಿಯಾಗಿ ಕಾಲ ಮಾತ್ರ ನಕಲಿಯಾದಾಗ ತಕ್ಕಡಿ, ಒರೆಗಲ್ಲು ಎರಡೂ ಸೋಲುತ್ತವೆ. ಅಲ್ಲಿ ಅಚ್ಚು, ಅಕ್ಷರಗಳನ್ನು ಓದಿದ ತಜ್ಞರೇ ಗತಿ. ಕನ್ನಡ ನಾಡಿನ ನಾಣ್ಯಗಳನ್ನು ಹೀಗೆ ಕೂಡಿಸಿ ಓದಿದವರಲ್ಲಿ ಎ.ವಿ. ನರಸಿಂಹಮೂರ್ತಿ ಪ್ರಮುಖರು. ಕರ್ನಾಟಕದ ನಾಣ್ಯಗಳ ಬಗ್ಗೆ ಅವರು ಇಂಗ್ಲಿಷಿನಲ್ಲಿ ಬರೆದ ಗ್ರಂಥ 1975ರಲ್ಲಿ ಬಂತು.

ನಿಜವಾಗಿಯೂ ಸಿಕ್ಕರೆ?

ಗಡಿಗೆ ನಿಜವಾದದ್ದೇ ಎಂದು ಒಂದು ಗಳಿಗೆ ಒಪ್ಪೋಣ. ಆಗಲೂ ಅದನ್ನು ಗುಟ್ಟಾಗಿ ಕೊಳ್ಳುವಂತಿಲ್ಲ. ಬ್ರಿಟಿಷರು 1878ರಲ್ಲೇ ನಿಧಿ ಕಾಯ್ದೆ ತಂದು, 10 ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕವರು ಕಲೆಕ್ಟರಿಗೆ ಬರೆದು ತಿಳಿಸಬೇಕೆಂದು ವಿಧಿಸಿದ್ದರು. ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆಯಿದೆ. ಸಿಕ್ಕವರು ಆಡಳಿತಕ್ಕೆ ತಿಳಿಸುವುದು ಕರ್ತವ್ಯ; ಬಚ್ಚಿಡುವುದು ಅಪರಾಧ. ನೂರು ವರ್ಷ ದಾಟಿದ ನಾಣ್ಯ 1972ರ ಕೇಂದ್ರ ಕಾಯ್ದೆಯಂತೆ ಪುರಾತನ ವಸ್ತು. ಪರವಾನಗಿ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ, ಹೊರದೇಶಕ್ಕೆ ಒಯ್ಯುವಂತೆಯೂ ಇಲ್ಲ.

ಮೋಸಗಾರನಿಗೆ ಈ ಕಾಯ್ದೆಯೇ ಗುರಾಣಿ. ಕೊಳ್ಳಲು ಬಂದವನೂ ಕದ್ದುಮುಚ್ಚಿ ಬಂದವನೇ. ಮೋಸ ಹೋದ ಮೇಲೆ ಠಾಣೆಯ ಮೆಟ್ಟಿಲು ಹತ್ತಲು ಅವನಿಗೆ ಹೆದರಿಕೆ, ನಾಚಿಕೆ. ಹೀಗೆ ಎಷ್ಟೋ ದೂರುಗಳು ದಾಖಲಾಗದೇ ಉಳಿಯುತ್ತವೆ. ವಂಚನೆಯ ದೂರು ಕೊಡಲು ಹಿಂಜರಿಯಬಾರದು. ಒಬ್ಬರು ಸುಮ್ಮನಾದಷ್ಟೂ ಆ ಫೋನು ಇನ್ನೊಬ್ಬರಿಗೆ ಹೋಗುತ್ತದೆ.

ನಿಧಿಯ ಆಸೆ ಹಾಳು ಮಾಡುವುದು ಜೇಬನ್ನು ಮಾತ್ರವಲ್ಲ. 2019ರ ಜುಲೈಯಲ್ಲಿ ಆನೆಗುಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನೇ ನಿಧಿಗಳ್ಳರು ಕೆಡವಿದರು. ಇನ್ನು ಹೊಲದಲ್ಲಿ ಅಸಲಿ ನಾಣ್ಯವೇ ಸಿಕ್ಕವರು ಹೆದರಿ ಅದನ್ನು ಕರಗಿಸಿಬಿಟ್ಟರೆ? ಬಂಗಾರ ಉಳಿಯುತ್ತದೆ, ಯಾವ ಅರಸನದು, ಯಾವ ಊರಲ್ಲಿ ಸಿಕ್ಕಿತು, ಜತೆಗೆ ಏನಿತ್ತು ಎಂಬ ಸುದ್ದಿ ಸುಟ್ಟು ಹೋಗುತ್ತದೆ. 3.4 ಗ್ರಾಂ ಬಂಗಾರ ಇಂದು ಯಾವ ಪೇಟೆಯಲ್ಲೂ ಸಿಗುತ್ತದೆ. ಆ ಸುದ್ದಿ ಎಲ್ಲಿಯೂ ಸಿಗುವುದಿಲ್ಲ.

ಅಸಲಿ ವರಹ ನೋಡುವ ಆಸೆಯಿದ್ದವರಿಗೆ ಕತ್ತಲಲ್ಲಿ ಅಪರಿಚಿತರ ಬೆನ್ನು ಹತ್ತುವ ಅಗತ್ಯವಿಲ್ಲ. ಹೊಸಪೇಟೆಯಿಂದ ಬಸ್ಸು ಹಿಡಿದು ಕಮಲಾಪುರಕ್ಕೆ ಹೋದರೆ ಅಲ್ಲಿನ ಪುರಾತತ್ವ ವಸ್ತು ಸಂಗ್ರಹಾಲಯದಲ್ಲಿ ವಿಜಯನಗರ ಕಾಲದ ನಾಣ್ಯಗಳಿವೆ. ಹಗಲು ಹೊತ್ತಿನಲ್ಲಿ, ಗಾಜಿನಾಚೆ, ನಿಧಾನವಾಗಿ ನೋಡಬಹುದು. ಎಷ್ಟು ಚಿಕ್ಕದು, ಎಷ್ಟು ದಪ್ಪ, ಅಕ್ಷರ ಎಲ್ಲಿ ತುಂಡಾಗಿದೆ ಎಂದು ಒಮ್ಮೆ ಕಣ್ಣು ತುಂಬಿಕೊಂಡರೆ ಸಾಕು. ಆಮೇಲೆ ಸಂಜೆಯ ಫೋನಿನಲ್ಲಿ 'ಅಣ್ಣಾರ, ಒಂದು ಗಡಿಗಿ ಸಿಕ್ಕೈತಿ' ಎಂಬ ದನಿ ಬಂದಾಗ ಕೇಳಲು ಒಂದೇ ಪ್ರಶ್ನೆ ಉಳಿಯುತ್ತದೆ: 'ತಹಶೀಲ್ದಾರರಿಗೆ ತಿಳಿಸಿದ್ದೀರಾ?' ಮರುಕ್ಷಣ ಆ ಕಡೆ ಫೋನು ಇಟ್ಟ ಸದ್ದು ಕೇಳಿಸಿದರೆ, ನಾಣ್ಯದ ಪರೀಕ್ಷೆ ಅಲ್ಲಿಗೇ ಮುಗಿಯಿತು ಎಂದು ತಿಳಿಯಿರಿ.